ರುಮಾಲೊಳಗಿನ ಕುಳ್ಳಿ

ಮಧುವನಳ್ಳೀಲಿ ನಮ್ಮನೆ ರೇಷ್ಮೆಹುಳಾನೆಲ್ಲ ಇಲಿ ತಿಂತಿದ್ದೊ ಕಣ್ರಿ. ಊರ ಬೆಕ್ಕು ಬಿಟ್ರೆ ಅದು ನೆಗೆದು ಹುಳದ ತಟ್ಟೇನೇ ಉರುಳಿಸೋದು. ತಟ್ಟೆ ಸಂದೀಲಿ ನುಸುಳೋ ಕುಳ್ಳ ತಳಿ ಬೆಕ್ಕನ್ನೇ ತತ್ತೀನಿ ಅಂತ ಪಟ್ಟು ಇಡಿದು ಹನೂರಿಗೆ ಓಗಿದ್ದೆ. ಸಿಕ್ತು! ಮೋಟು ಕಾಲು, ನಡೆದ್ರೆ ಸದ್ದಿಲ್ಲ, ಎಷ್ಟು ವಯಸ್ಸಾದ್ರೂ ಪಾವಿನೊಳಗೆ ಕೂರೋವಷ್ಟೇ ಗಾತ್ರ. ರುಮಾಲೊಳಗೆ ಸುತ್ಕಂಡು ಕೊಳ್ಳೇಗಾಲದ ಬಸ್ಸತ್ತಿ ಕುಂತೆ. ತಲೆ ಮ್ಯಾಲಿಂದ ಮಿಯಾಂವ್ ಅಂತು.

"ಬಸ್ಸಲ್ಲಿ ಪ್ರಾಣಿ ತರಂಗಿಲ್ಲ, ಇಳಿಯಯ್ಯ," ಅಂದ ಕಂಡಕ್ಟರು.

"ಇದು ರುಮಾಲು ಸಾ."

"ರುಮಾಲು ಮಿಯಾಂವ್ ಅಂತದಾ? ಇಳೀಲೇ!"

"ನನ್ನ ಹುಳ ಉಳೀಬೇಕು ಸಾ. ಏನ್ಮಾಡಿದ್ರೂ ಇಳಿಯಾಕಿಲ್ಲ," ಅಂತ ಸೀಟು ತಬ್ಕಂಡೆ.

ಅವನು ನನ್ನ ರಟ್ಟೆ ಎಳೀತಿರೋವಾಗ, ಯಾರ್ದೋ ರೇಷ್ಮೆಗೂಡಿನ ಮೂಟೆಯಿಂದ ಮೊಲದಷ್ಟು ದಪ್ಪ ಇಲಿ ಅವನ ಕಾಲ್ಮೇಲೆ ಬಿತ್ತು. ಕಂಡಕ್ಟರು ಸೀಟತ್ತಿ ನಿಂತ. ನನ್ನ ಕುಳ್ಳಿ ರುಮಾಲಿಂದ ಎಗರಿ ಇಲೀನ ಕಚ್ಕಂಡ್ಲು.

"ಇಲಿಗೆ ಟಿಕೀಟು ಕೊಟ್ಟಿದ್ರಾ ಸಾ?" ಅಂದೆ.

"ಕೂತ್ಕಳಯ್ಯ... ಮರಿ ಆಕುದ್ರೆ ನಂಗೊಂದು ಕೊಡು," ಅಂದ, ಸೀಟಿನ ಮ್ಯಾಲಿಂದ್ಲೇ.

ಆ ಸಲ ಹುಳ ಉಳೀತು, ಗೂಡೂ ಆಯ್ತು. ಬಸ್ಸಲ್ಲಿ ಬಿದ್ದಿದ್ದು ಬರೀ ಸುಂಡಿಲಿ ಅಂತಾಳೆ ನಮ್ಮವಳು. ಅವಳೇನು ಆ ಬಸ್ಸಲ್ಲಿದ್ಲಾ?