ನಾಗಮ್ಮನ ನಾಲ್ಕು ಸಾಲು, ನಮ್ಮ ಮನೆಯ ಸಪ್ಪೆ ಚಹಾ

ಮೂರು ವಾರ ಹುಮನಾಬಾದಿನ ನಮ್ಮ ಮನೆಯಲ್ಲಿ ಒಂದೇ ಜಗಳ. ಆಸ್ತಿಗಲ್ಲ, ಮದುವೆಗಲ್ಲ. ಕಂಪ್ಯೂಟರಿನ ಬಟನ್ ಒತ್ತಿದಾಗ ಒಳಗೆ ಎಲ್ಲರಿಗಿಂತ ಮೊದಲು ಏಳಬೇಕಾದವರು ಯಾರು ಎಂಬುದಕ್ಕೆ!

ಜಗಳ ಆಡುವವಳು ನನ್ನ ಮೊಮ್ಮಗಳು ಶಿವಲೀಲಾ. ಇಲ್ಲೇ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಎದುರಾಳಿ ಚಿಟಗುಪ್ಪದ ವಿಠ್ಠಲ, ಶಾಲೆಯ ಮಾಸ್ತರ. ಮಾತೆಲ್ಲ ಫೋನಿನಲ್ಲಿ, ಅದೂ ಸ್ಪೀಕರ್ ಹಾಕಿಕೊಂಡು. ಕೇಳಬಾರದು ಅಂದರೂ ನನಗೆ ಕೇಳುತ್ತದೆ.

ಇವರಿಬ್ಬರು ಮತ್ತು ಇನ್ನೂ ಹತ್ತು ಮಂದಿ ಸೇರಿ, ಹಳೆಯ ಕಂಪ್ಯೂಟರುಗಳನ್ನು ನಡೆಸಲೆಂದು ಲಿನಕ್ಸ್ ತಂತ್ರಾಂಶದ ಒಂದು ಕನ್ನಡ ಆವೃತ್ತಿ ತಯಾರು ಮಾಡಿದ್ದಾರೆ. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು. ಒಳಗೆ ಬಿಚ್ಚಿ ನೋಡಬಹುದು, ಬೇಕಾದ ಹಾಗೆ ಬದಲಿಸಬಹುದು. ಅದರಲ್ಲಿ ಮೊದಲು ತಾನು ಎದ್ದು, ಆಮೇಲೆ ಉಳಿದವರನ್ನೆಲ್ಲ ಎಬ್ಬಿಸುವ ಪ್ರೋಗ್ರಾಂ ಒಂದಿರುತ್ತದಂತೆ. (ಈ ಮನೆಯಲ್ಲಿ ನಲವತ್ತು ವರ್ಷ ಆ ಕೆಲಸ ಮಾಡಿದವಳು ನಾನು. ಅದಕ್ಕೆ ಬೇಗ ತಿಳಿಯಿತು.) ಹಳೆಯ ಪ್ರೋಗ್ರಾಂ ಒಬ್ಬೊಬ್ಬರನ್ನೇ ಸಾಲಾಗಿ ಎಬ್ಬಿಸುತ್ತದೆ, ನಿಧಾನ. ಹೊಸದು ಎಲ್ಲರನ್ನೂ ಒಮ್ಮೆಲೇ ಎಬ್ಬಿಸುತ್ತದೆ, ಚುರುಕು. ಮುಂದಿನ ಆವೃತ್ತಿಯಲ್ಲಿ ಯಾವುದನ್ನು ಹಾಕಿ ಕೊಡಬೇಕು? ಹನ್ನೆರಡು ಮಂದಿ ವೋಟು ಹಾಕುವವರಿದ್ದರು.

"ಹಳೇದು ಕೆಟ್ರ ನಾ ಬಿಚ್ಚಿ ನೋಡ್ತೀನಿ. ನಿಮ್ಮ ಹೊಸಾದು ಎಲ್ಲಾದರಾಗೂ ಕೈ ಹಾಕ್ತದ. ಅದು ಕೆಟ್ರ ಯಾರಿಗಿ ಕೇಳ್ಬೇಕ್ರಿ?" ಇದು ವಿಠ್ಠಲ.

"ಸರ್, ಮಂದಿ ಎಲ್ಲಿತನಕ ಕಪ್ಪು ಪರದಾ ನೋಡ್ಕೋತ ಕುಂದ್ರಬೇಕು? ದುನಿಯಾ ಎಲ್ಲಾ ಹೊಸಾದಕ್ಕ ಹೋಗ್ಯಾದ. ಬ್ಯಾಡಾದವ್ರು ಬದಲ ಮಾಡ್ಕೋತಾರ. ನಾವು ಹಾಕೋದು ಬರೇ ಡಿಫಾಲ್ಟ್!" ಇದು ನಮ್ಮವಳು.

ಡಿಫಾಲ್ಟ್ ಅಂದರೇನು ಎಂದು ಕೇಳಿದೆ. ನಾನು ಓದಿದ್ದು ಮೂರನೇ ಇಯತ್ತೆಯವರೆಗೆ. ತಿಳಿಯದ್ದನ್ನು ಕೇಳಲು ನನಗೆ ನಾಚಿಕೆಯಿಲ್ಲ.

"ಆಯಿ, ನಮ್ಮ ಮನಿ ಚಾದಾಗ ಸಕ್ಕರಿ ಇರಂಗಿಲ್ಲಲ್ಲ, ಅದೇ ಡಿಫಾಲ್ಟ್. ಯಾರೂ ಏನೂ ಅನ್ನದಿದ್ರ ಬರೋದು."

ಚೆನ್ನಾಗಿ ಹೇಳಿದಳು. ಆರು ವರ್ಷದ ಹಿಂದೆ ನನಗೆ ಶುಗರ್ ಬಂದಾಗ, ಒಂದು ಮನೆಗೆ ಎರಡು ಪಾತ್ರೆ ಚಹಾ ಯಾಕೆ ಎಂದು ಎಲ್ಲರಿಗೂ ಸಪ್ಪೆ ಚಹಾ ಮಾಡಲು ಹೇಳಿದವಳು ನಾನೇ. ಬೇಕಾದವರು ಹಾಕಿಕೊಳ್ಳಲಿ, ಸಕ್ಕರೆ ಡಬ್ಬಿ ನನ್ನ ಕುರ್ಚಿಯ ಪಕ್ಕದ ಗೋಡೆಯ ಮಾಡದಲ್ಲೇ ಇದೆ. ಅವತ್ತಿನಿಂದ ಯಾರೂ ತಕರಾರು ಮಾಡಿಲ್ಲ.

ಹೋದ ವಾರ ಹೊಸದನ್ನು ಹಾಕಿ ನೋಡಲು ಶಿವಲೀಲಾ ಬಸವಕಲ್ಯಾಣಕ್ಕೆ ಹೊರಟಳು. ಅಲ್ಲಿ ಒಂದು ಓದುವ ಕೋಣೆ ಇದೆ. ಎರಡು ದಿನಪತ್ರಿಕೆ, ಒಂದು ಕಪಾಟು ಪುಸ್ತಕ, ಒಂದು ಮುದಿ ಕಂಪ್ಯೂಟರ್, ಅದಕ್ಕಿಂತ ಮುದಿ ಪ್ರಿಂಟರ್. ಅಲ್ಲಿರುವ ನನ್ನ ತಂಗಿಯನ್ನು ನೋಡಿ ಬರೋಣ ಎಂದು ನಾನೂ ಬಸ್ಸು ಹತ್ತಿದೆ. (ತಂಗಿಯನ್ನು ನೋಡಲಾಗಲಿಲ್ಲ. ಅದಕ್ಕೇ ಅವಳಿನ್ನೂ ಸಿಟ್ಟಿನಲ್ಲಿದ್ದಾಳೆ.)

ಓದುವ ಕೋಣೆ ನೋಡಿಕೊಳ್ಳುವವಳು ನಾಗಮ್ಮ. ಮೊದಲು ಅಲ್ಲೇ ಕಸ ಹೊಡೆಯುತ್ತಿದ್ದಳು. ಏಳನೇ ಇಯತ್ತೆ. ಈಗ ಬಾಗಿಲು ತೆಗೆಯುವುದೂ ಅವಳೇ, ಮಂದಿಯ ಅರ್ಜಿ, ಹಾಲ್ ಟಿಕೆಟ್ ಪ್ರಿಂಟ್ ಹಾಕಿ ಕೊಡುವುದೂ ಅವಳೇ.

ಆ ಪ್ರಿಂಟರಿಗೆ ಎಚ್ಚರವಾಗಲು ಹೊತ್ತು ಬೇಕು. ಕಂಪ್ಯೂಟರ್ ಎದ್ದ ಕೂಡಲೇ ಕರೆದರೆ ಓಗೊಡುವುದಿಲ್ಲ. ಓಗೊಡದಿದ್ದರೆ, ಪ್ರಿಂಟರೇ ಇಲ್ಲ ಎಂದು ಕಂಪ್ಯೂಟರ್ ಕೈಬಿಡುತ್ತದೆ. ಅದಕ್ಕೆ ಎರಡು ವರ್ಷದ ಹಿಂದೆ ಶಿವಲೀಲಾ ಮೂರು ಸಾಲು ಕಲಿಸಿ ಕೊಟ್ಟಿದ್ದಳು. ಕಂಪ್ಯೂಟರ್ ಏಳುವಾಗ ಓದಿಕೊಳ್ಳುವ ಸಾಲುಗಳು. ಇದು ಯಾವ ಭಾಷೆ ಎಂದು ಹೇಳುವುದೊಂದು, ಇಪ್ಪತ್ತು ಎಣಿಸು ಎನ್ನುವುದೊಂದು, ಪ್ರಿಂಟರನ್ನು ಮತ್ತೆ ಕರೆ ಎನ್ನುವುದೊಂದು. ಇಪ್ಪತ್ತೇ ಎಣಿಸಬೇಕೆಂದು ಗೊತ್ತು ಮಾಡಿದವಳು ನಾಗಮ್ಮ, ಪ್ರಿಂಟರ್ ಎದುರು ನಿಂತು, ಬೆರಳು ಮಡಚಿ. ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ರಂಗೋಲಿ ಇಟ್ಟ ಹಾಗೆ ಬರೆದುಕೊಂಡಿದ್ದಾಳೆ. ಕೆಟ್ಟಾಗಲೆಲ್ಲ ಅದನ್ನು ನೋಡಿ ತಾನೇ ಸರಿಮಾಡುತ್ತಾಳೆ.

ಶಿವಲೀಲಾ ಹೊಸದನ್ನು ಹಾಕಿದಳು, ನಾಗಮ್ಮನ ಸಾಲುಗಳನ್ನು ಹಾಗೆಯೇ ಉಳಿಸಿ. ಬಟನ್ ಒತ್ತಿದಳು. ಕೈಯಲ್ಲಿದ್ದ ಚಹಾ ಮುಗಿಯುವುದರೊಳಗೆ ಪರದೆ ಬೆಳಗಿತು. ಹಿಂದೆ ಒಂದು ಕಪ್ ಕುಡಿದು ಇನ್ನೊಂದು ತರಿಸಬೇಕಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಮೆಚ್ಚುಗೆಯಾಯಿತು.

ಆದರೆ ಪ್ರಿಂಟರ್ ಏಳಲಿಲ್ಲ.

ಘಾಟಬೋರಾಳದ ಹೆಣ್ಣುಮಗಳೊಬ್ಬಳು ಮಗಳ ಹಾಸ್ಟೆಲ್ ಅರ್ಜಿ ಹಿಡಿದು ಕುಳಿತಿದ್ದಳು. ನಾಗಮ್ಮ ಅವಳನ್ನು ನೋಡಿದಳು, ಪ್ರಿಂಟರನ್ನು ನೋಡಿದಳು, ಆಮೇಲೆ ಶಿವಲೀಲಾಳನ್ನು. ಕಂಪ್ಯೂಟರ್ ನಡೆಯದಿದ್ದರೆ ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇವೆ ಎಂದು ಕೋಣೆಯ ಕಮಿಟಿಯವರು ಮೊದಲೇ ಅಂದಿದ್ದಾರೆ. ಅದಕ್ಕೆ ಬೀಗ ಬಿದ್ದರೆ ನಾಗಮ್ಮ ಮತ್ತೆ ಕಸಬರಿಗೆ ಹಿಡಿಯಬೇಕು.

"ಮೇಡಮ್, ನನ್ನ ನಾಲ್ಕು ಸಾಲು ಎಲ್ಲಿ ಹೋದ್ವು?"

"ಇಲ್ಲೇ ಅವ. ಆದ್ರ ಇದು ಓದವಲ್ದು. ತಡೀರಿ, ಅವು ಬ್ಯಾಡೇ ಬ್ಯಾಡ. ನಾ ಬ್ಯಾರೆ ರೀತಿ ಮಾಡಿ ಕೊಡ್ತೀನಿ. ನೀವು ಏನೂ ನೆನಪಿಡೂದು ಬ್ಯಾಡ."

"ಮತ್ತ ಕೆಟ್ರ?"

"ನನಗ ಫೋನ್ ಮಾಡ್ರಿ."

"ನೀವು ಫೋನ್ ಎತ್ತದಿದ್ರ?"

ನಮ್ಮ ಹುಡುಗಿ ಹೊಸ ಉಪಾಯ ಬಿಟ್ಟು ನಾಗಮ್ಮನ ಸಾಲುಗಳನ್ನೇ ತೆರೆದಳು. ಮೂರು ವಾರ ವಿಠ್ಠಲ ಕಿರುಚಿದರೂ ಜಗ್ಗದವಳು.

ಆಮೇಲೆ ಚಾಪೆ ಹಾಸಿ ಕುಳಿತು ಹುಡುಕಿದಳು. ಒಂದು ತಾಸಿನ ಮೇಲೆ ಜೋರಾಗಿ ನಕ್ಕಳು. ಕಲಿಸಿದ್ದು ಮೂರು ಸಾಲು, ನಾಗಮ್ಮ ಬರೆದದ್ದು ನಾಲ್ಕು! ಎಲ್ಲಕ್ಕಿಂತ ಮೇಲೆ ಒಂದು ಶ್ರೀ.

ನಮ್ಮ ಕಡೆ ಶ್ರೀ ಬರೆಯದೆ ಯಾರು ಕಾಗದ ಶುರು ಮಾಡುತ್ತಾರೆ? ಕಿರಾಣಿ ಚೀಟಿಗೂ ಶ್ರೀ, ಲಗ್ನಪತ್ರಿಕೆಗೂ ಶ್ರೀ. ಹಳೆಯ ಪ್ರೋಗ್ರಾಂ ಶ್ರೀ ಕಂಡು, ಅರ್ಥವಾಗದಿದ್ದರೂ ಏನೋ ಗೊಣಗಿ ಮುಂದಿನ ಸಾಲಿಗೆ ಹೋಗುತ್ತಿತ್ತಂತೆ. ಹೊಸದು ಶಿಸ್ತಿನದು. ಮೊದಲ ಸಾಲಿನಲ್ಲಿ ಭಾಷೆಯ ಹೆಸರಿಲ್ಲ ಎಂದು ಕಾಗದವನ್ನೇ ಮಡಚಿ ಇಟ್ಟುಬಿಟ್ಟಿದೆ. ಒಂದು ಮಾತನ್ನೂ ಆಡದೆ.

"ನಾಗಮ್ಮ, ಶ್ರೀ ತೆಗೀರಿ."

"ಶ್ರೀ ಇಲ್ದ ನಾ ಹಾಳಿ ಸುರು ಮಾಡಂಗಿಲ್ರಿ."

"ಹಾಂಗಾದ್ರ ಎರಡನೇ ಸಾಲಿನ್ಯಾಗ ಹಾಕ್ರಿ. ಅದರ ಮುಂದ ಈ # ಗುರ್ತು ಇಟ್ರ ಕಂಪ್ಯೂಟರ್ ಅದನ್ನ ಬಿಟ್ಟು ಮುಂದಿನ ಸಾಲಿಗಿ ಹೋಗ್ತದ."

ನಾಗಮ್ಮ ಯೋಚಿಸಿದಳು. "ಆತು ಬಿಡ್ರಿ. ಇಷ್ಟು ಮಂದಿ ಇಲ್ಲಿ ಪಾಳಿ ಹಚ್ಚಿ ನಿಂದ್ರತಾರ, ದೇವರೂ ಒಂದಿನ ನಿಂದ್ರಲಿ."

ತಾನೇ ಕುಳಿತು ಒಂದೊಂದೇ ಅಕ್ಷರ ಒತ್ತಿದಳು. ಶಿವಲೀಲಾ ಕೈ ಚಾಚಿದಾಗ "ನೀವು ಹೇಳ್ರಿ ಸಾಕು, ಕೈ ಹಚ್ಚಬ್ಯಾಡ್ರಿ" ಎಂದಳು. ಪ್ರಿಂಟರ್ ಕೆಮ್ಮಿ ಎದ್ದಿತು. ಘಾಟಬೋರಾಳದವಳು ಅರ್ಜಿ ಮಡಚಿಕೊಂಡು ಬಸ್ಸಿಗೆ ಓಡಿದಳು.

ತಿರುಗಿ ಬರುವಾಗ ನಾನೂ ಯೋಚಿಸಿದೆ. ಹಳೆಯದೆಲ್ಲ ಒಳ್ಳೆಯದು ಎಂದು ಕಣ್ಣೀರು ಹಾಕುವವಳು ನಾನಲ್ಲ. ಮಿಕ್ಸಿ ಬಂದ ದಿನ ಒರಳುಕಲ್ಲನ್ನು ಹಿತ್ತಲಿಗೆ ಉರುಳಿಸಿದ್ದೇನೆ, ಮತ್ತೆ ತಿರುಗಿ ನೋಡಿಲ್ಲ. ಹೊಸದೇ ಬರಲಿ. ಆದರೆ "ಬ್ಯಾಡಾದವರು ಬದಲಿಸಿಕೊಳ್ಳಲಿ" ಎನ್ನುವ ಮಾತಿದೆಯಲ್ಲ, ಅದು ಯಾರಿಗೆ ಹೇಳಿದ್ದು? ಶಿವಲೀಲಾ ಬದಲಿಸಿಕೊಳ್ಳಬಲ್ಲಳು. ವಿಠ್ಠಲನೂ ಬಲ್ಲ. ವೋಟು ಹಾಕುವ ಹನ್ನೆರಡು ಮಂದಿಯೂ ಬಲ್ಲರು. ಅಂದರೆ ಡಿಫಾಲ್ಟ್ ಯಾವುದಾದರೂ ಅವರಿಗೆ ನಡೆಯುತ್ತದೆ. ಅದು ಮೈಮೇಲೆ ಬೀಳುವುದು ನಾಗಮ್ಮನಿಗೆ. ಅವಳಿಗೆ ವೋಟು ಇಲ್ಲ. ವೋಟು ನಡೆಯುತ್ತಿದೆ ಎಂಬುದೂ ಗೊತ್ತಿಲ್ಲ.

ಇದನ್ನು ಬಸ್ಸಿನಲ್ಲೇ ಹೇಳಿದೆ. ಮೊಮ್ಮಗಳು ಕಿಟಕಿಯ ಹೊರಗೆ ನೋಡುತ್ತಾ, "ಖರೆ ಅದ ಆಯಿ, ಆದ್ರ ಎಲ್ಲಾರಿಗೂ ಕೇಳ್ಕೋತ ಕುಂತ್ರ ಕೆಲಸ ಮುಗಿಯಂಗಿಲ್ಲ" ಎಂದಳು. ಅದೂ ಸುಳ್ಳಲ್ಲ.

ವೋಟು ಆಯಿತು. ಹೊಸದೇ ಗೆದ್ದಿತು. ಆದರೆ ಶಿವಲೀಲಾ ಒಂದು ಷರತ್ತು ಸೇರಿಸಿದಳು: ಯಾರಾದರೂ ಬರೆದಿಟ್ಟ ಸಾಲನ್ನು ಓದಲಾಗದಿದ್ದರೆ ಕಂಪ್ಯೂಟರ್ ಸುಮ್ಮನೆ ಇರಬಾರದು. ಯಾವ ಸಾಲು, ಯಾಕೆ ಎಂದು ಪರದೆಯ ಮೇಲೆ ಕನ್ನಡದಲ್ಲಿ ಹೇಳಬೇಕು. ಅದಕ್ಕೆ ಮೊದಲು ಕೈ ಎತ್ತಿದವನು ವಿಠ್ಠಲ.

ಸೋಮವಾರ ನಾಗಮ್ಮನ ಫೋನ್ ಬಂತು. ಮೊಮ್ಮಗಳಿಗಲ್ಲ, ನನಗೆ.

"ಆಯಿ, ಕರೆಂಟ್ ಹೋಗಿ ಬಂದ ಮ್ಯಾಲೆ ಪ್ರಿಂಟರ್ ಏಳ್ಲಿಲ್ಲ. ಇಪ್ಪತ್ತು ಸಾಲವಲ್ದು ಅಂತ ಮೂವತ್ತು ಮಾಡೀನಿ. ಈಗ ಮಸ್ತ್ ನಡದದ. ಮೇಡಮ್ಮಗ ಹೇಳಿಬಿಡ್ರಿ. ಕೇಳಾಕತ್ತಿಲ್ಲ ಮತ್ತ, ಹೇಳಾಕತ್ತೀನಿ."

ಫೋನ್ ಇಟ್ಟೆ. ಸೊಸೆ ಸುಮಿತ್ರಾ ಚಹಾ ತಂದಳು. (ಈ ಅಂಕಣದ ಒತ್ತಕ್ಷರ ತಿದ್ದುವವಳೂ ಅವಳೇ.) ಏನೋ ಹೊಳೆದು ಕೇಳಿದೆ, "ನಿನಗ ಈ ಸಪ್ಪನ್ ಚಾ ಸೇರ್ತದೇನ?"

ಅವಳು ಕಪ್ ಕೆಳಗಿಟ್ಟಳು.

"ಆರು ವರ್ಷಾದ ಮ್ಯಾಲೆ ಕೇಳಾಕತ್ತೀರಿ ನೋಡ್ರಿ, ಅತ್ತಿ. ಡಬ್ಬಿ ನಿಮ್ಮ ಕುರ್ಚಿ ಬಾಜೂಕ ಅದ. ನಿಮ್ಮೆದುರಿಗಿ ಹ್ಯಾಂಗ ತೆಗೀಲಿ? ಅಡಗಿಮನ್ಯಾಗ ನಿಂತು, ಬಾಯಾಗ ಬೆಲ್ಲ ಇಟ್ಕೊಂಡು ಕುಡೀತೀನಿ."

ಡಬ್ಬಿಯನ್ನು ಅಡುಗೆಮನೆಗೆ ಕಳಿಸಿದ್ದೇನೆ. ನಿಮ್ಮ ಮನೆಯಲ್ಲಿ ಯಾರು ಬಾಯಲ್ಲಿ ಬೆಲ್ಲ ಇಟ್ಟುಕೊಂಡು ನಿಂತಿದ್ದಾರೆ, ಒಮ್ಮೆ ಒಳಗೆ ಹೋಗಿ ನೋಡಿದ್ದೀರಾ?