ಮೂರನೇ ಕೂಗು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಡುಕು. ಹೇಳುವವರಿಗೆ ಕೆಲಸವಿಲ್ಲ, ಕೇಳುವವರಿಗೆ ಬುದ್ಧಿಯಿಲ್ಲ ಎಂದು ಮುಖಕ್ಕೇ ಅಂದುಬಿಡುತ್ತಿದ್ದೆ. ಕ್ರೈಸ್ತ ಸಭೆಯ ಕೆಲಸಕ್ಕೆ ಬರುವ ಮುಂಚೆ ನಾನು ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಸತ್ತವರನ್ನು ಒರೆಸಿ, ಬಟ್ಟೆ ಸುತ್ತಿ ಕಳಿಸಿ, ಕೈ ತೊಳೆದುಕೊಂಡು ಊಟಕ್ಕೆ ಕೂತವಳು. ಅವರಲ್ಲಿ ಒಬ್ಬರೂ ಎದ್ದು ಬಂದು ನನ್ನನ್ನು ಮಾತಾಡಿಸಲಿಲ್ಲ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನಮ್ಮದು ಸಮುದ್ರದ ಕಡೆ, ಮನೆಮಾತು ತುಳು. ಮಿಷನರಿ ಎಂದರೆ ವಿಮಾನ ಹತ್ತಿ ಹೋಗುವವಳು ಎಂದು ನಮ್ಮ ಮನೆಯಲ್ಲಿ ತಿಳಿದಿದ್ದರು. ನನಗೆ ಘಟ್ಟ ಹತ್ತಿದ್ದೇ ಪರದೇಶವಾಯಿತು. ಕುಚ್ಚಲಕ್ಕಿ ಗಂಜಿಯವಳಿಗೆ ರಾಗಿ ಮುದ್ದೆಯನ್ನು ಅಗಿಯದೆ ನುಂಗಲು ಕಲಿಸಿದವರು ಇಲ್ಲಿನ ಹೆಂಗಸರೇ. ಕಡೂರು, ತರೀಕೆರೆ, ಅಜ್ಜಂಪುರ ಎಲ್ಲ ಸೇರಿಸಿದರೂ ನಮ್ಮ ಸಭೆಯ ಮನೆಗಳು ಬೆರಳೆಣಿಕೆಯಷ್ಟು. ಸಭೆಯವರನ್ನು ನೋಡಲು ಹೋದಾಗ ಅಕ್ಕಪಕ್ಕದ ಮನೆಯಲ್ಲೂ ಕೂತು ಬರುವುದು ನನ್ನ ಪದ್ಧತಿ. ಬಿ.ಪಿ. ನೋಡುತ್ತೇನೆ, ಮಾತ್ರೆ ನುಂಗದವರಿಗೆ ಬೈಯುತ್ತೇನೆ. ಸಿಸ್ಟರಮ್ಮನ ಬಾಯಿ ಜೋರು ಎನ್ನುತ್ತಾರೆ, ಆದರೆ ಬರಬೇಡಿ ಎಂದು ಯಾರೂ ಅಂದಿಲ್ಲ.

ಬುಕ್ಕಾಂಬುಧಿ ಕಡೆಯ ಒಂದು ಹಳ್ಳಿಯಲ್ಲಿ ರೂತಮ್ಮ ಇದ್ದರು. ಆ ಊರಿಗೆಲ್ಲ ಸಭೆಗೆ ಸೇರಿದವರು ಅವರೊಬ್ಬರೇ. ಗಂಡ ತೀರಿಹೋಗಿದ್ದ, ಮಗಳು ಶಾಂತಾಳನ್ನು ಕಡೂರಿಗೆ ಕೊಟ್ಟಿತ್ತು. ಉಬ್ಬಸದ ಕಾಯಿಲೆ. ಮಾತಾಡಿದರೆ ಎದೆಯೊಳಗಿಂದ ಸುಯ್ಯೆಂದು ಸಿಳ್ಳೆಯಂಥ ಸದ್ದು ಬರುತ್ತಿತ್ತು. ಪಕ್ಕದ ಮನೆ ಗೌರಮ್ಮ ಮತ್ತು ಸಿದ್ದಪ್ಪನವರದು, ನಡುವೆ ಒಂದೇ ಗೋಡೆ. ಸ್ನಾನ, ಶಿವಪೂಜೆ ಆಗದೆ ಬಾಯಿಗೆ ನೀರು ಹಾಕದ ಜನ, ಆದರೆ ಮಜ್ಜಿಗೆ ಕಡೆದ ದಿನ ರೂತಮ್ಮನಿಗೆ ಒಂದು ಚೊಂಬು ಕೊಡದೆ ಇದ್ದವರಲ್ಲ. ಕೆಟ್ಟವರು ಎಂದು ನೀವು ತಿಳಿಯಬಾರದು, ಅದಕ್ಕೇ ಇದನ್ನು ಮೊದಲೇ ಹೇಳುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ರೂತಮ್ಮ ಆರಾಧನೆಗೆ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಸಂಜೆ ಬಸ್ಸಿಗೆ ನಾನೇ ಹೋದೆ. ಬಾಗಿಲು ಹಾಕಿತ್ತು, ಹೊರಗೆ ಬೀಗವಿರಲಿಲ್ಲ. ಹಿತ್ತಲಲ್ಲಿ ಇರಬಹುದು, ಇಲ್ಲವೇ ಗೌರಮ್ಮನ ಜೊತೆ ಹರಟುತ್ತಿರಬಹುದು ಎಂದುಕೊಂಡು ಪಕ್ಕದ ಮನೆ ಹೊಕ್ಕೆ.

"ರೂತಕ್ಕನಾ? ಬೆಳಗ್ಗೇನೇ ನಿಮ್ಮ ಚರ್ಚಿಗೆ ಹೋದ್ಲು ಅನ್ಕಂಡಿದ್ನಲ್ರೀ," ಎಂದು ಗೌರಮ್ಮ ಬೆಲ್ಲ, ನೀರು ತಂದಿಟ್ಟರು. ಅವರ ಮುಖ ಯಾಕೋ ಸರಿಯಿರಲಿಲ್ಲ. ಬಂದಿಲ್ಲವಲ್ಲ ಎಂದು ನಾನು ಹೇಳುವಷ್ಟರಲ್ಲಿ ಗೋಡೆಯ ಆಚೆಯಿಂದ ಕೂಗು ಬಂತು.

"ಗೌರೀ..."

ರೂತಮ್ಮನದೇ ದನಿ. ಅದೇ ಸಿಳ್ಳೆ. ಗೌರಮ್ಮನನ್ನು ಹಾಗೆ ಕರೆಯುತ್ತಿದ್ದವರು ಊರಿನಲ್ಲಿ ಅವರೊಬ್ಬರೇ. "ಅಯ್ಯೋ, ಒಳಗೇ ಇದ್ದಾರಲ್ಲ!" ಎಂದು ನಾನು ಎದ್ದೆ. ದೀಪಕ್ಕೆ ಬತ್ತಿ ಹಾಕುತ್ತಿದ್ದ ಗೌರಮ್ಮ ಎಣ್ಣೆಗೈಯಲ್ಲೇ ನನ್ನ ಮಣಿಕಟ್ಟು ಹಿಡಿದರು.

"ಓಗೊಡ್ಬೇಡಿ ಕಣ್ರೀ! ಮುಸ್ಸಂಜೆ ಹೊತ್ತು. ಮೂರು ಸಲ ಕರೆಯೋ ಗಂಟ ಓಗೊಡಬಾರದು."

ಕತ್ತಲೆಯಲ್ಲಿ, ಮುಸ್ಸಂಜೆಯಲ್ಲಿ ಮನುಷ್ಯರಲ್ಲದ್ದು ಕರೆದರೆ ಎರಡೇ ಸಲ ಕರೆಯುತ್ತದಂತೆ, ಮೂರನೇ ಸಲ ಕರೆಯಲು ಅದಕ್ಕೆ ಆಗುವುದಿಲ್ಲವಂತೆ, ಓಗೊಟ್ಟವರ ಪ್ರಾಣಕ್ಕೆ ಕುತ್ತಂತೆ. ಈ ಮಾತನ್ನು ಈ ಕಡೆ ನಾನು ಎಷ್ಟೋ ಮನೆಯಲ್ಲಿ ಕೇಳಿ ನಕ್ಕಿದ್ದೆ. ಅಷ್ಟರಲ್ಲಿ ಇನ್ನೊಮ್ಮೆ ಕೂಗು ಬಂತು. ಈ ಸಲ ಇನ್ನೂ ಸಣ್ಣಗೆ, ಎಳೆದೆಳೆದು.

"ಏನ್ರೀ ಇದು, ಉಬ್ಬಸ ಹತ್ತಿರಬೇಕು, ಬಿಡ್ರೀ ಕೈ!" ಎಂದು ಕೊಡವಿಕೊಂಡು, "ಬಂದೆ ರೂತಮ್ಮ" ಎಂದು ಕೂಗುತ್ತಲೇ ಓಡಿದೆ.

ಒಳಗಿನಿಂದ ಚಿಲಕ ಹಾಕಿತ್ತು. ಸಿದ್ದಪ್ಪನವರು ಬಂದು ಹೆಗಲು ಕೊಟ್ಟು ನೂಕಿದರು. ಚಿಲಕ ಕಿತ್ತುಬಂದರೂ ಬಾಗಿಲು ಪೂರ್ತಿ ತೆರೆಯಲಿಲ್ಲ. ಹಿಂದೆ ರೂತಮ್ಮ ಬಿದ್ದಿದ್ದರು. ಹಾಸಿಗೆಯಿಂದ ಬಾಗಿಲವರೆಗೆ ತೆವಳಿಕೊಂಡು ಬಂದಿದ್ದರು, ಹೊದಿಕೆ ದಾರಿಯುದ್ದಕ್ಕೂ ಎಳೆದುಕೊಂಡು ಬಂದಿತ್ತು. ಉಬ್ಬಸಕ್ಕೆ ಬಾಯಿಗೆ ಹೊಡೆದುಕೊಳ್ಳುವ ಪಂಪು ಮಂಚದ ಕೆಳಗೆ ಉರುಳಿಹೋಗಿತ್ತು. ನಾನು ಕೈ ಹಿಡಿದೆ. ತಣ್ಣಗಿತ್ತು, ಕಟ್ಟಿಗೆಯ ಹಾಗೆ ಸೆಟೆದಿತ್ತು. ಈಗ ತಾನೇ ಪ್ರಾಣ ಹೋದ ಕೈ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇವರು ಹೋಗಿ ಎಷ್ಟೋ ಹೊತ್ತಾಗಿತ್ತು.

ಹಾಗಾದರೆ ಕೂಗಿದವರು ಯಾರು? ಮನೆಯೆಲ್ಲ ಹುಡುಕಿದೆ. ಹಿತ್ತಲ ಬಾಗಿಲಿಗೂ ಒಳಗಿನಿಂದಲೇ ಅಗುಳಿ ಹಾಕಿತ್ತು.

ಗೌರಮ್ಮ ಹೊಸ್ತಿಲಲ್ಲೇ ಕುಸಿದರು. "ಬೆಳಗಿನ ಜಾವನೂ ಕರೆದ್ಲು ಕಣ್ರೀ. ಹಿಂಗೇ, ಎರಡು ಸಲ. ಮೂರನೇದಕ್ಕೆ ಕಾಯ್ಕಂಡು ಎದ್ದು ಕೂತೇ ಇದ್ದೆ. ಕರೀಲೇ ಇಲ್ಲ."

"ಸುಮ್ನಿರೇ," ಎಂದರು ಸಿದ್ದಪ್ಪ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಮೂರನೇ ಸಲ ಕರೆಯಲು ಅವರಿಗೆ ಉಸಿರಿರಲಿಲ್ಲ! ಬೆಳಗ್ಗೆ ಕರೆದದ್ದು ದೆವ್ವ ಅಲ್ಲ, ಒದ್ದಾಡುತ್ತಿದ್ದ ಹೆಂಗಸು. ಒಂದು ಗೋಡೆ ದಾಟಲಾಗಲಿಲ್ಲವೇ ನಿಮಗೆ?" ಎಂದು ಕಿರುಚಿದೆ.

ಗೌರಮ್ಮ ತಲೆಯೆತ್ತಿದರು. "ಅದನ್ನ ನಾನು ಹೆಂಗ್ ತಿಳ್ಕಳ್ಲಿ ಹೇಳಿ? ಬೆಳಗ್ಗೆ ಕರೆದ ದನಿನೂ ಈಗ ಕರೆದ ದನಿನೂ ಒಂದೇ. ನೀವೇ ಕೇಳಿದ್ರಲ್ಲ."

ಬೀದಿಯವರು ಸೇರಿದರು, ಹಿರಿಯರು ಹೇಳಿದ್ದು ಸುಳ್ಳಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಗೌರಮ್ಮ ಓಗೊಡದೆ ಉಳಿದುಕೊಂಡಳು ಎಂದೂ ಯಾರೋ ಅಂದರು. ಹೆಣದ ಎದುರಿಗೇ ಅಂದರು.

ಶಾಂತಾ ಬರುವಷ್ಟರಲ್ಲಿ ನಾವು ರೂತಮ್ಮನನ್ನು ಎತ್ತಿ ಮಲಗಿಸಿ, ಬಿಳಿ ಸೀರೆ ಹೊದಿಸಿದ್ದೆವು. ಅತ್ತು ಸುಸ್ತಾದ ಮೇಲೆ ಅವಳು ನನ್ನ ಪಕ್ಕ ಬಂದು ಕೂತಳು.

"ಸಾಯಂಕಾಲ ಕರೆದಿದ್ದು ನಿಮಗೂ ಕೇಳಿಸ್ತಂತೆ, ನಿಜವಾ ಸಿಸ್ಟರಮ್ಮ?"

ಹೌದು ಎಂದೆ.

"ಹಂಗಾರೆ ಬೆಳಗ್ಗೆ ಕರೆದಿದ್ದೂ ಅದೇ ಇರ್ತದೆ, ಅಲ್ವಾ? ಅವ್ವ ನಿದ್ದೇಲೇ ಹೋಗಿರ್ತಾಳೆ. ಒದ್ದಾಡಿರಲ್ಲ ಅಲ್ವಾ?"

ಎದುರಿಗೆ ಗೌರಮ್ಮ ನನ್ನ ಬಾಯನ್ನೇ ನೋಡುತ್ತಿದ್ದರು. ಬಾಗಿಲ ಹಿಂದೆ ಕಂಡದ್ದು ಶಾಂತಾಳಿಗೆ ಗೊತ್ತಿರಲಿಲ್ಲ. ಇಲ್ಲಮ್ಮ, ಒದ್ದಾಡಿರಲಿಕ್ಕಿಲ್ಲ ಎಂದೆ. ಆ ಮಗಳಿಗೆ ಬೇರೆ ಏನನ್ನು ಹೇಳಲೂ ನನಗೆ ಬಾಯಿ ಬರಲಿಲ್ಲ.

ನಾನು ಕೇಳಿದ್ದೇನು ಎಂದು ಇವತ್ತಿಗೂ ತಿಳಿದಿಲ್ಲ. ಪ್ರಾರ್ಥನೆಯಲ್ಲಿ ಕೇಳಿದ್ದೇನೆ, ಗೊತ್ತಿರುವ ಡಾಕ್ಟರರನ್ನು ಕೇಳಿದ್ದೇನೆ. ನನ್ನ ಕಿವಿಯ ಭ್ರಮೆ ಎಂದರು. ಹಾಗಾದರೆ ಗೌರಮ್ಮನ ಕಿವಿಗೂ ಅದೇ ಗಳಿಗೆಯಲ್ಲಿ ಭ್ರಮೆಯೇ?

ಮೊನ್ನೆ ಅದೇ ಬೀದಿಗೆ ಹೋಗಿದ್ದೆ. ಕೊನೆಯ ಮನೆಯ ಜಗುಲಿಯಲ್ಲಿ ಕೂತು ಆ ಮನೆಯ ಸೊಸೆಯ ಬಿ.ಪಿ. ನೋಡುತ್ತಿದ್ದೆ, ಕತ್ತಲಾಗುತ್ತಿತ್ತು. ಹಿತ್ತಲ ಕಡೆಯಿಂದ ಅವಳ ಮಾವ, ಕಾಲು ಬಿದ್ದುಹೋದ ಮುದುಕ, ಅವಳ ಹೆಸರು ಹಿಡಿದು ಕೂಗಿದ. ಅವಳು ಅಲುಗಲಿಲ್ಲ. ಮತ್ತೆ ಕೂಗಿದ. ಹೋಗಿ ನೋಡಮ್ಮ ಎಂದೆ.

"ಇನ್ನೊಂದ್ ಸಲ ಕರೀಲಿ ತಡೀರಿ," ಎಂದಳು. "ನೀವೇ ಕಿವಿಯಾರೆ ಕೇಳಿದೋರು, ನಿಮಗೆ ಗೊತ್ತಿಲ್ವಾ?"

ಬೈಯಬೇಕೆಂದು ಬಾಯಿ ತೆರೆದೆ. ಏನೆಂದು ಬೈಯಲಿ? ನನಗೂ ಕೇಳಿಸಿತ್ತು.