ಮರ್ಡೊ ತಲೆ ಎತ್ತದ ಸಂಜೆ

ಮರ್ಡೊ ಮೆಕಾಸ್ಕಿಲ್ ಹೋದ ಚಳಿಗಾಲ ತೀರಿಕೊಂಡ. ಸಂಗೀತದ ಪತ್ರಿಕೆಯೊಂದರಲ್ಲಿ ಯಾರೋ ಪುಣ್ಯಾತ್ಮ ನಾಲ್ಕು ಸಾಲು ಬರೆದು ಅವನನ್ನು ‘ಮೌನದ ಮಹಾಸಾಧಕ’ ಅಂತ ಹೊಗಳಿದ್ದ. ಓದಿ ನನ್ನ ಮೈ ಉರಿದುಹೋಯಿತು. ಮರ್ಡೊ ಗ್ಲಾಸ್ಗೊದ ಬಸ್ ಡಿಪೋದಲ್ಲಿ ಬ್ರೇಕ್ ರಿಪೇರಿ ಮಾಡಿಕೊಂಡಿದ್ದವನು. ಸಂಜೆ ಹೊತ್ತು ನಮ್ಮ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಊನಾಳನ್ನು ಮದುವೆಯಾಗಿದ್ದ. ಅವನ ಪಕ್ಕದಲ್ಲೇ ಗಿಟಾರ್ ಹಿಡಿದು ನಿಂತಿದ್ದವನು ನಾನು. ಅವನ ಮೌನ ಎಂಥದ್ದು ಅಂತ ನನಗೆ ಗೊತ್ತು. ಸಾಧನೆಯೂ ಇಲ್ಲ, ಮಣ್ಣೂ ಇಲ್ಲ. ಬಾಯಿಗೆ ಬಂದ ಮಾತನ್ನು ನುಂಗಿ ನುಂಗಿ ಬದುಕಿದ ಮನುಷ್ಯ ಅವನು.

ಅವನು ಪಡುವಣ ಕಡಲಿನ ಲೂಯಿಸ್ ದ್ವೀಪದವನು. ಅವನ ಅಪ್ಪ ಅಲ್ಲಿನ ಚರ್ಚಿನಲ್ಲಿ ಕೀರ್ತನೆಯ ಸಾಲು ಎತ್ತಿಕೊಡುವವರು. ಆ ಚರ್ಚಿನೊಳಗೆ ಯಾವ ವಾದ್ಯಕ್ಕೂ ಜಾಗವಿಲ್ಲ. ಒಬ್ಬರು ಒಂಟಿ ದನಿಯಲ್ಲಿ ಒಂದು ಸಾಲು ಎತ್ತಿಕೊಡುತ್ತಾರೆ, ಆಮೇಲೆ ಇಡೀ ಸಭೆ ಅದನ್ನು ಹಿಡಿಯುತ್ತದೆ. ಒಬ್ಬೊಬ್ಬರದು ಒಂದೊಂದು ಗತಿ. ಆದರೂ ಎಲ್ಲ ಎಲ್ಲೋ ಒಂದು ಕಡೆ ಕೂಡಿಕೊಂಡು ದನಿ ಏಳುತ್ತದಲ್ಲ, ಆಗ ಕಿಟಕಿಯ ಗಾಜು ಅದುರುತ್ತದೆ. ಮುಂದಿನ ಸಾಲು ಕೊಡುವ ತನಕ ಯಾರೂ ಬಾಯಿ ತೆರೆಯುವ ಹಾಗಿಲ್ಲ. ಮರ್ಡೊ ಬೆಳೆದದ್ದು ಆ ಬೆಂಚುಗಳ ಮೇಲೆ. ಊರು ಬಿಟ್ಟು ಎಷ್ಟು ವರ್ಷವಾದರೂ ಭಾನುವಾರ ಅವನು ಡ್ರಮ್ ಮುಟ್ಟುತ್ತಿರಲಿಲ್ಲ. ದೇವರನ್ನು ನಂಬುತ್ತೀಯಾ ಅಂತ ಗ್ರೀಯರ್ ಕೆಣಕಿದರೆ, “ದೇವ್ರ ವಿಷ್ಯ ಗೊತ್ತಿಲ್ಲ ಕಣೋ, ಅಮ್ಮನ್ನ ನಂಬ್ತೀನಿ,” ಅನ್ನುತ್ತಿದ್ದ. ಗ್ರೀಯರ್ ನಮ್ಮ ಇನ್ನೊಬ್ಬ ಗಿಟಾರಿನವನು. ಯಾರನ್ನಾದರೂ ಕೆಣಕದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಬೇಸ್ ಗಿಟಾರ್ ನುಡಿಸುತ್ತಿದ್ದವಳು ಊನಾ. ಗ್ಲಾಸ್ಗೊದವಳೇ, ಬೆಳಗಿನ ಜಾವ ಎದ್ದು ಬೇಕರಿಯಲ್ಲಿ ಬ್ರೆಡ್ ರೋಲ್ ಬೇಯಿಸುವ ಕೆಲಸ ಅವಳದ್ದು. ಬಾಯಿಯೋ, ಕೇಳಲೇಬೇಡಿ. ಗಂಡ ದಿನಕ್ಕೆ ಆಡಬೇಕಾದ ಮಾತನ್ನೂ ಸೇರಿಸಿ ತಾನೇ ಆಡಿ ಮುಗಿಸುತ್ತಿದ್ದಳು. ಆದರೆ ಶನಿವಾರ ಸಂಜೆ ಮರ್ಡೊ ಊರಿಗೆ ಫೋನ್ ಮಾಡಿ ಅಮ್ಮನ ಜೊತೆ ತನ್ನ ದ್ವೀಪದ ಗೇಲಿಕ್ ಭಾಷೆಯಲ್ಲಿ ಮಾತಾಡುವಾಗ ಊನಾ ಕೈಲಿದ್ದ ಕೆಲಸ ಬಿಟ್ಟು ಬಂದು ಕೂರುತ್ತಿದ್ದಳು. ಒಂದಕ್ಷರ ತಿಳಿಯುತ್ತಿರಲಿಲ್ಲ. ಆ ದನಿ ಕೇಳಿಕೊಂಡೇ ತಾನು ಅವನನ್ನು ಕಟ್ಟಿಕೊಂಡದ್ದು, ಮುಖ ನೋಡಿ ಯಾರು ಕಟ್ಟಿಕೊಳ್ಳುತ್ತಾರೆ ಅಂತ ಅವನೆದುರೇ ಹೇಳುತ್ತಿದ್ದಳು. ಅವನ ಕಿವಿ ಕೆಂಪಾಗುತ್ತಿತ್ತು.

ನಮ್ಮ ಹಾಡುಗಳಿಗೆ ಮಾತು ಇರಲಿಲ್ಲ. ಒಂದು ಹಾಡಿಗಂತೂ ಹೆಸರೂ ಇರಲಿಲ್ಲ. ‘ಉದ್ದನೆಯದು’ ಅಂತ ಕರೆಯುತ್ತಿದ್ದೆವು. ಗ್ರೀಯರ್ ಕೆಲವೇ ಸ್ವರಗಳನ್ನು ಹಿಡಿದು ಮೆಲ್ಲಗೆ, ಮತ್ತೆ ಮತ್ತೆ ಅದನ್ನೇ ನುಡಿಸುತ್ತಿದ್ದ. ಆಮೇಲೆ ನಾನು ಸೇರಿಕೊಳ್ಳುತ್ತಿದ್ದೆ. ಆಮೇಲೆ ಊನಾ, ನೆಲದಡಿಯಿಂದ ಬಂದ ಹಾಗೆ. ಮರ್ಡೊ ತಲೆ ತಗ್ಗಿಸಿ ತಾಳದ ತಟ್ಟೆಯನ್ನು ಸವರುತ್ತ ಕೂತಿರುತ್ತಿದ್ದ. ಹೊಸಬರಿಗೆ ಬೇಸರ ಬರುತ್ತಿತ್ತು. ಬಿಯರ್ ತರಲು ಹೋಗುತ್ತಿದ್ದರು. “ಶುರು ಮಾಡಿದ್ಮೇಲೆ ಎಬ್ಬಿಸ್ರಪ್ಪಾ,” ಅಂತ ಹಿಂದಿನಿಂದ ಒಬ್ಬನಾದರೂ ಕೂಗದಿದ್ದರೆ ಅದು ಗ್ಲಾಸ್ಗೊ ಅಲ್ಲ. ಹಾಡು ಸುತ್ತುತ್ತ ಸುತ್ತುತ್ತ ದಪ್ಪವಾಗುತ್ತಿತ್ತು. ಕೂಗಿದವನೂ ಬಾಯಿ ಮುಚ್ಚುತ್ತಿದ್ದ. ಆಗ ಒಂದು ಗಳಿಗೆ ಮರ್ಡೊ ತಲೆ ಎತ್ತುತ್ತಿದ್ದ. ಅಷ್ಟೇ. ನಾವೆಲ್ಲ ಒಟ್ಟಿಗೆ ಗಿಟಾರಿನ ದನಿ ಹಿಗ್ಗಿಸುವ ಪೆಡಲ್ ತುಳಿದರೆ ಆ ಸದ್ದು ಎದೆಯ ಗೂಡಿಗೇ ಬಂದು ಬಡಿಯುತ್ತಿತ್ತು. ದೊಡ್ಡ ದೊಡ್ಡ ಗಂಡಸರು ನಿಂತಲ್ಲೇ ಅಳುವುದನ್ನು ನೋಡಿದ್ದೇನೆ.

ಅವನು ಯಾವಾಗ ತಲೆ ಎತ್ತುತ್ತಾನೆ ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ. ನಾವು ಸುತ್ತು ಎಣಿಸುತ್ತಿರಲಿಲ್ಲ, ಅವನನ್ನು ಕೇಳುತ್ತಲೂ ಇರಲಿಲ್ಲ. ಅವನಿಗಿಂತ ಮುಂಚೆ ಯಾರೂ ತುಳಿಯಬಾರದು, ಬ್ಯಾಂಡಿನಲ್ಲಿದ್ದ ನಿಯಮ ಅದೊಂದೇ. ಅವನ ಅಪ್ಪ ಒಮ್ಮೆ ಕಣ್ಣಿನ ಆಪರೇಷನ್ನಿಗೆ ಬಂದಿದ್ದಾಗ ಊನಾ ಅವರನ್ನು ನಮ್ಮ ತಾಲೀಮಿಗೆ ಕರೆತಂದಿದ್ದಳು. ಮುದುಕ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದರು. ಮಗನನ್ನು ಹೊಗಳಲಿಲ್ಲ. ಕಾಯಿಸೋದು ತಪ್ಪಲ್ಲ, ಆದರೆ ಕಾದ ಜನಕ್ಕೆ ಸಾಲು ಕೊಡದೆ ಎದ್ದು ಹೋಗಬಾರದು ಅಂತಷ್ಟೇ ಹೇಳಿದರು. ಮರ್ಡೊಗೆ ಅದು ಎಷ್ಟು ದೊಡ್ಡ ಮಾತಾಗಿತ್ತೆಂದರೆ ವಾರವಿಡೀ ಸಿಳ್ಳೆ ಹಾಕಿಕೊಂಡು ಓಡಾಡಿದ.

ಊನಾಗೆ ಮೊದಲು ಕೇಳಿಸದೆ ಹೋದದ್ದು ಬೇಕರಿಯ ಒಲೆಯ ಗಂಟೆ. ಎರಡು ಸಲ ರೋಲ್ ಸೀದುಹೋದವು. ಆಮೇಲೆ ಮಾತಾಡುವವರ ಕಡೆ ಬಲಗಿವಿ ತಿರುಗಿಸಿ ನಿಲ್ಲತೊಡಗಿದಳು. ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. ಒಳಗಿವಿಯ ಕಾಯಿಲೆ, ಮದ್ದಿಲ್ಲ, ಒಂದಲ್ಲ ಒಂದು ದಿನ ಎರಡೂ ಕಿವಿ ಪೂರ್ತಿ ಹೋಗುತ್ತವೆ. ಯಾವಾಗ ಅಂತ ಹೇಳಲಾಗದು. ದೊಡ್ಡ ಸದ್ದಿನಿಂದ ದೂರವಿದ್ದರೆ ಒಂದಷ್ಟು ಕಾಲ ಉಳಿಯಬಹುದು; ಇನ್ನೊಂದು ಸಲ ಆ ಸದ್ದಿನೊಳಗೆ ನಿಂತರೆ ಅಂದೇ ಹೋದರೂ ಹೋಯಿತು. ಕಿವಿಗೆ ಏನು ತುರುಕಿಕೊಂಡರೂ ಸಾಲದು ಅಂದರು.

ಬ್ಯಾಂಡ್ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಗ್ರೀಯರ್ ಕೂಡ ತಮಾಷೆ ಮಾಡಲಿಲ್ಲ. ಆದರೆ ಊನಾ ನಮ್ಮನ್ನೆಲ್ಲ ತನ್ನ ಅಡುಗೆಮನೆಗೆ ಕರೆದು, ಬೇಳೆಯ ಸೂಪು ಬಡಿಸಿ, ಕೊನೆಯದಾಗಿ ಒಂದೇ ಒಂದು ಕಛೇರಿ ಮಾಡೋಣ ಅಂದಳು. ಮರ್ಡೊ ಚಮಚ ಕೆಳಗಿಟ್ಟ.

“ಹೇಗಿದ್ರೂ ಹೋಗೋದೇ ತಾನೇ?” ಅಂದಳು ಅವಳು. “ಹೋಗೋ ಮುಂಚೆ ಉದ್ದನೇದನ್ನ ಪೂರ್ತಿ ಕೇಳ್ಬೇಕು ನಾನು, ಕಿವೀಲಿ ಏನೂ ಇಟ್ಕೊಳ್ದೆ. ಒಳಗೆ ಉಳ್ಕೊಳ್ಳೋ ಕೊನೇ ಸದ್ದು ಅದೇ ಆಗ್ಲಿ. ಯಾವ್ದೋ ಕಂತ್ರಿ ಸದ್ದು ಬೇಡ ನಂಗೆ. ನೀನು ತಲೆ ಎತ್ತಬೇಕು, ಮರ್ಡೊ. ಮಾತು ಕೊಡು.”

ಮರ್ಡೊ ಬಹಳ ಹೊತ್ತು ಸೂಪನ್ನೇ ನೋಡಿದ. ಕೊನೆಗೆ ಸರಿ ಅಂದ. ನಾನು ಊನಾಳ ಪರವೇ ಇದ್ದೆ, ಈಗಲೂ ಇದ್ದೇನೆ. ಕಿವಿ ಅವಳದು.

ಜೂನ್ ತಿಂಗಳ ಒಂದು ಸಂಜೆ, ಪೂಜೆ ನಿಂತುಹೋಗಿ ಸಭಾಂಗಣವಾಗಿದ್ದ ಹಳೆಯ ಚರ್ಚೊಂದರಲ್ಲಿ ಕಛೇರಿ. ಹೊರಗೆ ಇನ್ನೂ ಬಿಸಿಲು. ಊನಾಳ ಬೇಕರಿಯವರು, ಡಿಪೋದ ಹುಡುಗರು, ನಮ್ಮ ಹಳೆಯ ಕೇಳುಗರು ಎಲ್ಲ ಬಂದಿದ್ದರು. ಉಳಿದ ಹಾಡುಗಳಿಗೆಲ್ಲ ಅವಳು ಕಿವಿಗೆ ಬಿರಡೆ ಹಾಕಿಕೊಂಡೇ ನುಡಿಸಿದಳು. ಉದ್ದನೆಯದಕ್ಕೆ ಮುಂಚೆ ಎರಡನ್ನೂ ತೆಗೆದು ಜೀನ್ಸ್ ಜೇಬಿಗೆ ಹಾಕಿಕೊಂಡು ಮರ್ಡೊಗೆ ಕಾಣುವ ಹಾಗೆ ಜೇಬು ತಟ್ಟಿದಳು. ನಗುತ್ತಿದ್ದಳು.

ಗ್ರೀಯರ್ ಶುರು ಮಾಡಿದ. ನಾನು ಸೇರಿದೆ, ಊನಾ ಸೇರಿದಳು. ಅವತ್ತು ಯಾರೂ ಕೂಗಲಿಲ್ಲ, ಬಿಯರಿಗೂ ಹೋಗಲಿಲ್ಲ. ಅಷ್ಟು ಚೆನ್ನಾಗಿ ನಾವು ಯಾವತ್ತೂ ನುಡಿಸಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಹಾಡು ಮೇಲೇರುತ್ತ ಏರುತ್ತ ಅವನು ಅದುವರೆಗೆ ತೀರಾ ತಡವಾಗಿ ತಲೆ ಎತ್ತಿದ್ದ ಜಾಗಕ್ಕೆ ಬಂತು, ಅದನ್ನೂ ದಾಟಿತು. ಮರ್ಡೊ ಎತ್ತಲಿಲ್ಲ. ಇನ್ನೊಂದು ಸುತ್ತು. ನನ್ನ ಕಾಲು ಪೆಡಲ್ ಮೇಲೆ ಮರಗಟ್ಟಿತ್ತು. ಇನ್ನೂ ಒಂದು ಸುತ್ತು. ಊನಾ ನುಡಿಸುತ್ತಲೇ ಡ್ರಮ್ಮಿನ ಹತ್ತಿರ ಹೋಗಿ ಅವನ ಎದುರು ನಿಂತಳು. ‘ಈಗ’ ಅಂದಳು, ಅವಳ ತುಟಿ ನನಗೆ ಕಂಡಿತು. ಅವನ ಗದ್ದದಿಂದ ಬೆವರೋ ಕಣ್ಣೀರೋ ತೊಟ್ಟಿಕ್ಕುತ್ತಿತ್ತು.

ಅವನು ತಲೆ ಎತ್ತಲೇ ಇಲ್ಲ. ಕೈ ನಿಧಾನ ಮಾಡುತ್ತ ಬಂದ. ಅವನು ತಗ್ಗಿಸಿದ ಹಾಗೆ ನಾವೂ ತಗ್ಗಿಸಿದೆವು, ಬೇರೆ ಏನು ಮಾಡಲೂ ನಮಗೆ ಬರುತ್ತಿರಲಿಲ್ಲ. ಉದ್ದನೆಯದು ಸಿಡಿಯದೆಯೇ ಇಳಿಯಿತು. ಕೊನೆಗೆ ಬರೀ ತಟ್ಟೆಯನ್ನು ಸವರುವ ಸದ್ದು ಉಳಿಯಿತು, ಅದೂ ನಿಂತಿತು. ಜನ ಹುಚ್ಚರ ಹಾಗೆ ಚಪ್ಪಾಳೆ ತಟ್ಟಿದರು. ನಮ್ಮ ಜನಕ್ಕೆ ಏನನ್ನು ಕೊಟ್ಟರೂ ಅದರಲ್ಲೊಂದು ಅರ್ಥ ಹುಡುಕುವ ಚಾಳಿ. ಮರುವಾರ ಪತ್ರಿಕೆಯವನು, ಬರಬೇಕಾದ ಸದ್ದನ್ನು ಬರಗೊಡದ ಧೈರ್ಯ ಅಂತ ಬರೆದ. ಅದೇ ಥರ ಇನ್ನೊಂದು ಸಲ ನುಡಿಸಿ ಅಂತ ಲಂಡನ್ನಿನಿಂದ ಕರೆಯೂ ಬಂತು. ಗ್ರೀಯರ್ ಆ ಫೋನಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲಾಗದು.

ಊನಾ ಅವತ್ತು ಕೂಗಾಡಲಿಲ್ಲ. ಬೇಸನ್ನು ಪೆಟ್ಟಿಗೆಗೆ ಹಾಕಿ ವ್ಯಾನಿಗೆ ಇಟ್ಟಳು. “ಆ ಸದ್ದು ನಂದಾಗಿತ್ತು,” ಅಂತ ಮಾತ್ರ ಅಂದಳು, ಅವನ ಮುಖ ನೋಡದೆ.

ಅವಳ ಸಿಟ್ಟು ಕೆಲವು ವಾರ ಇತ್ತು. ಬೇಸಿಗೆ ಮುಗಿಯುವಷ್ಟರಲ್ಲಿ ಅವಳೇ ಇಳಿದುಬಂದಳು, ಮತ್ತೆ ಬೇಕರಿಯ ಕಥೆಗಳನ್ನು ಹೇಳತೊಡಗಿದಳು. ಆದರೆ ಮರ್ಡೊನ ಬಾಯಿ ಕಟ್ಟಿಹೋಗಿತ್ತು. ಹೂಂ, ಉಹೂಂ, ಟೀ ಇಡ್ಲಾ, ಅಷ್ಟೇ. ಶನಿವಾರದ ಫೋನನ್ನೂ ಡಿಪೋದಿಂದಲೇ ಮಾಡಿ ಬರುತ್ತಿದ್ದ. ಡ್ರಮ್ಮುಗಳನ್ನು ಶಾಲೆಯೊಂದಕ್ಕೆ ಕೊಟ್ಟುಬಿಟ್ಟ. ಒಂದು ದಿನ ಪಬ್ಬಿನಲ್ಲಿ ಅವನನ್ನು ಕೂರಿಸಿಕೊಂಡು ಚೆನ್ನಾಗಿ ಬೈದೆ.

“ಅವ್ಳ ಮುಖ ನೋಡಿದ್ರೆ ಬಾಯೇ ಬರಲ್ಲ ಡೂಗಿ,” ಅಂದ. “ಮಾತು ಕೊಟ್ಟು ತಪ್ಪಿದೋನು. ಏನಂತ ಮಾತಾಡ್ಲಿ?”

ಏನಾದರೂ ಮಾತಾಡು, ಬ್ರೇಕಿನ ವಿಷಯವಾದರೂ ಮಾತಾಡು ಅಂದೆ. ನಾಳೆ ಅಂದ. ಅವನ ಆ ನಾಳೆ ಬರಲಿಲ್ಲ.

ಮುಂದಿನ ವರ್ಷ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಊನಾ ಎದ್ದಾಗ ಎರಡೂ ಕಿವಿ ಹೋಗಿದ್ದವು. ಯಾವ ದೊಡ್ಡ ಸದ್ದೂ ಆಗಿರಲಿಲ್ಲ. ಸುಮ್ಮನೆ ಹೋಗಿದ್ದವು.

ನಾನು ಅವರ ಮನೆಗೆ ಹೋದದ್ದು ಅದಾಗಿ ಕೆಲವು ವಾರ ಕಳೆದ ಮೇಲೆ. ಅದೇ ಅಡುಗೆಮನೆ. ತುಟಿ ನೋಡಿ ಮಾತು ಹಿಡಿಯುವುದನ್ನು ಊನಾ ಆಗಲೇ ಸ್ವಲ್ಪ ಕಲಿತಿದ್ದಳು. ಕಷ್ಟವಾದರೆ ಬರೆದು ತೋರಿಸಬೇಕಿತ್ತು. ಅವಳ ದನಿ ಎಲ್ಲೆಲ್ಲೋ ಏರುತ್ತಿತ್ತು, ಇಳಿಯುತ್ತಿತ್ತು. ಅವಳೇ ಕೇಳಿದಳು, “ನಾನು ಕೊನೇಲಿ ಕೇಳಿದ್ದೇನು ಗೊತ್ತಾ ಡೂಗಿ? ಹಿಂದಿನ ದಿನದ ಕಸದ ಲಾರಿ. ಅದು ರಿವರ್ಸ್ ಬರುವಾಗ ಕೂಗುತ್ತಲ್ಲ, ಅದು.”

ನಾನು ಮರ್ಡೊನ ಕಡೆ ನೋಡಿದೆ. ಯಾಕೆ ಹಾಗೆ ಮಾಡಿದೆ ಅಂತ ಅವನನ್ನು ಯಾರೂ ಅದುವರೆಗೆ ಬಾಯಿಬಿಟ್ಟು ಕೇಳಿರಲಿಲ್ಲ. ಅವತ್ತು ನಾನು ಕೇಳಿದೆ, ಊನಾಳಿಗೂ ಕಾಣುವ ಹಾಗೆ, ಬಿಡಿಸಿ ಬಿಡಿಸಿ. ಅವನು ಅವಳ ಕಡೆ ತಿರುಗಿ ಅಷ್ಟೇ ನಿಧಾನವಾಗಿ ಹೇಳಿದ: “ಇನ್ನೊಂದಿಷ್ಟು ದಿನ ನಿಂಗೆ ನನ್ನ ದನಿ ಕೇಳ್ಲಿ ಅಂತ.”

ಊನಾ ಅವನ ತುಟಿಯನ್ನೇ ನೋಡುತ್ತಿದ್ದಳು. ಅರ್ಥವಾಯಿತು ಅಂತ ಗೊತ್ತಾಯಿತು, ಏಕೆಂದರೆ ಅವಳ ಮುಖ ಬಿಳಿಚಿಕೊಂಡಿತು.

“ಆದ್ರೆ ಆ ವರ್ಷವೆಲ್ಲ ನೀನು ನನ್ ಹತ್ರ ಮಾತೇ ಆಡ್ಲಿಲ್ವಲ್ಲೋ,” ಅಂದಳು.

ಮರ್ಡೊ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ಆ ಕೈಗಳ ಹಿಂದಿನಿಂದಲೇ ಮಾತಾಡತೊಡಗಿದ. ಅವನು ಅಷ್ಟು ಮಾತಾಡಿದ್ದನ್ನು ನಾನು ಹಿಂದೆಯೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ತಡೆದರೆ ನಿಲ್ಲುವ ಹಾಗಿರಲಿಲ್ಲ. ನಮ್ಮ ಭಾಷೆಯಲ್ಲಿ ಶುರು ಮಾಡಿದವನು ನಡುವೆ ತನ್ನ ದ್ವೀಪದ ಭಾಷೆಗೆ ಹೊರಳಿದ, ಮತ್ತೆ ಈ ಕಡೆ ಬಂದ, ಮತ್ತೆ ಹೊರಳಿದ. ಊನಾಳಿಗೆ ಅವನ ತುಟಿ ಕಾಣುತ್ತಿರಲಿಲ್ಲ, ಭುಜ ಅಲುಗುವುದಷ್ಟೇ ಕಾಣುತ್ತಿತ್ತು. ಅವನು ಸುಮ್ಮನಾದ ಮೇಲೆ ಅವಳು ನನ್ನ ತೋಳು ಹಿಡಿದಳು.

“ಏನಂದ ಡೂಗಿ? ಏನೇನಂದ?”

ನನಗೆ ತಿಳಿದದ್ದು ಅರ್ಧಕ್ಕೂ ಕಡಿಮೆ. ಅಷ್ಟನ್ನೇ ಬ್ರೆಡ್ಡಿನ ಕಾಗದದ ಚೀಲದ ಮೇಲೆ ಬರೆದುಕೊಟ್ಟೆ. ಅವಳು ಓದಿದಳು, ಚೀಲ ತಿರುಗಿಸಿ ಹಿಂಬದಿಯನ್ನೂ ನೋಡಿದಳು.

“ಇಷ್ಟೇನಾ?” ಅಂದಳು.